ಹದಿನೈದು ಗುಂಡುಗಳ ಮಿತಿ: ಕೊಡಗಿನ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಬಂದೂಕಿನ ಗುಂಡು ತುಂಬುವ ಡಬ್ಬಿಯಾದ ಮ್ಯಾಗಜಿನ್‌ಗೆ ಇರುವ ಹದಿನೈದು ಗುಂಡುಗಳ ಮಿತಿಯನ್ನು ರದ್ದುಮಾಡಿದರೆ ತಪ್ಪೇನು ಎಂದು ನೀನು ಕೇಳಿದ್ದೆ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದಂದು ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ ಮನೆಯಲ್ಲಿ ಬೆಳೆದ ನಿನಗೆ ಹಾಗನ್ನಿಸುವುದು ಸಹಜ. ಆದರೆ ಈ ಕಾಯ್ದೆ ಕೋವಿಯನ್ನು ಕಿತ್ತುಕೊಳ್ಳುವುದಿಲ್ಲ. ಒಮ್ಮೆ ತುಂಬಿದರೆ ಎಷ್ಟು ಈಡು ಹಾರಿಸಬಹುದೆಂಬುದಕ್ಕೆ ಮಾತ್ರ ಗೆರೆ ಎಳೆಯುತ್ತದೆ. ನಿಮ್ಮ ಜೋಡುನಳಿಗೆಯ ಕೋವಿ ಎರಡೇ ಈಡಿಗೆ ಬರಿದಾಗುತ್ತದೆ, ಮತ್ತೆ ತೋಟೆ ತುಂಬಬೇಕು.

2012ರ ಜುಲೈ 20ರಂದು ಇಲ್ಲಿನ ಅರೋರಾದ ಚಿತ್ರಮಂದಿರದಲ್ಲಿ 12 ಜನರನ್ನು ಕೊಂದವನ ಬಳಿ ನೂರು ಗುಂಡು ಹಿಡಿಯುವ ಮ್ಯಾಗಜಿನ್ ಇತ್ತು. ಮರುವರ್ಷವೇ ಕಾಯ್ದೆ ಬಂತು. ಅದನ್ನು ಬೆಂಬಲಿಸಿದ್ದಕ್ಕಾಗಿ ರಾಜ್ಯ ಸೆನೆಟ್ಟಿನ ಅಧ್ಯಕ್ಷ ಜಾನ್ ಮೋರ್ಸ್ ಮತ್ತು ಪ್ಯೂಬ್ಲೊದ ಸದಸ್ಯೆ ಏಂಜೆಲಾ ಹಿರೋನ್ ಅವರನ್ನು ಮತದಾರರು ಅದೇ ಸೆಪ್ಟೆಂಬರಿನಲ್ಲಿ ಅವಧಿಗೆ ಮುನ್ನವೇ ಮನೆಗೆ ಕಳಿಸಿದರು. ರದ್ದತಿಯ ಮಸೂದೆಗಳು ಆಮೇಲೆ ಹಲವು ಸಲ ಬಂದು ಬಿದ್ದುಹೋದವು. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ವಿರೋಧಿಗಳ ಒಂದು ಮಾತು ನನ್ನನ್ನು ಬಹಳ ಕಾಡುತ್ತದೆ: ಕಾಯ್ದೆ ಇದ್ದರೂ ಇದೇ ರಾಜ್ಯದಲ್ಲಿ ಅದು ಕೊಲೆಗಾರನನ್ನು ತಡೆಯಲಿಲ್ಲ. ಬೌಲ್ಡರ್‌ನ ದಿನಸಿ ಅಂಗಡಿಯಲ್ಲಿ 2021ರಲ್ಲಿ 10 ಜನರನ್ನು ಕೊಂದವನ ಬಳಿ ಇದ್ದದ್ದು ಇದೇ ನಿಷೇಧಿತ ಮ್ಯಾಗಜಿನ್‌ಗಳು. ಕಾಯ್ದೆಗೆ ಮೊದಲು ಕೊಂಡ ಮ್ಯಾಗಜಿನ್ನುಗಳನ್ನು ಇಟ್ಟುಕೊಳ್ಳಬಹುದಾದ್ದರಿಂದ ಯಾವುದು ಹಳೆಯದು, ಯಾವುದು ಹೊಸದು ಎಂದು ಸಾಬೀತುಪಡಿಸುವುದೂ ಕಷ್ಟ. ಇವೆಲ್ಲ ನಿಜ, ಆದರೆ ಬೇಲಿಯಲ್ಲಿ ಕಂಡಿಯಿದೆ ಎಂದು ಬೇಲಿಯನ್ನೇ ಕೀಳಲು ನಾನು ಒಪ್ಪಲಾರೆ.

ಒಮ್ಮೆ ಸಹೋದ್ಯೋಗಿಯೊಬ್ಬರು ಗುಂಡು ಹಾರಿಸುವ ಅಭ್ಯಾಸದ ತಾಣಕ್ಕೆ ನನ್ನನ್ನು ಕರೆದೊಯ್ದಿದ್ದರು. ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಅದುಮಿ ಒಂದೊಂದೇ ಗುಂಡು ತುಂಬುವಷ್ಟರಲ್ಲಿ ಉಗುರಿನ ಬುಡ ಕೆಂಪಾಗಿತ್ತು. ಬರಿದಾದ ಮ್ಯಾಗಜಿನ್ ಕೆಳಗೆ ಬೀಳಿಸಿ ಇನ್ನೊಂದನ್ನು ಸೇರಿಸಲು ನನ್ನ ಕೈ ತಡವರಿಸಿತು. ಪಳಗಿದವರಿಗೆ ಅದು ಎರಡು ಮೂರು ಸೆಕೆಂಡಿನ ಕೆಲಸ, ಆದರೂ ಅಷ್ಟು ಹೊತ್ತು ಬಂದೂಕು ಸುಮ್ಮನಿರುತ್ತದೆ. 2011ರ ಜನವರಿ 8ರಂದು ಅರಿಜೋನಾದ ಟೂಸಾನ್‌ನಲ್ಲಿ ಸಂಸದೆ ಗ್ಯಾಬಿ ಗಿಫರ್ಡ್ಸ್ ಅವರ ತಲೆಗೆ ಗುಂಡು ಹೊಡೆದು, ಒಂಬತ್ತು ವರ್ಷದ ಹುಡುಗಿಯೂ ಸೇರಿ ಆರು ಜನರನ್ನು ಕೊಂದವನು ಮೂವತ್ಮೂರು ಗುಂಡಿನ ಮ್ಯಾಗಜಿನ್ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಾಗಲೇ ಜನ ಅವನನ್ನು ಕೆಡವಿದ್ದು, ಪೆಟ್ರೀಷಿಯಾ ಮೈಶ್ ಎಂಬ 61 ವರ್ಷದ ಮಹಿಳೆ ಅವನ ಕೈಯಿಂದ ಅದನ್ನು ಕಸಿದುಕೊಂಡದ್ದು.

ರದ್ದತಿಯ ಮಸೂದೆ ಮತ್ತೆ ಬಂದರೆ ರಾಜಧಾನಿ ಡೆನ್ವರಿನ ಶಾಸನಸಭೆಯ ಸಮಿತಿಯ ಮುಂದೆ ನಾನೂ ಹೆಸರು ಬರೆಸಿ ಇದನ್ನೇ ಹೇಳುವೆ. ನಿನ್ನ ಅಭಿಪ್ರಾಯ ಬೇರೆಯಾದರೆ ಸಂಕೋಚವಿಲ್ಲದೆ ಬರೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ