ಕಮತಾರು ಅಂದರೆ ಬರೀ 44 ಗೋಲಲ್ಲ

ಮಾನ್ಯ ಸಂಪಾದಕರೆ,

ಕಳೆದ ವಾರ ನಿಮ್ಮ ಕ್ರೀಡಾ ಪುಟದ ಮೂಲೆಯಲ್ಲಿ ಯುರೋಪಿನ ಚಿನ್ನದ ಬೂಟು, ಅಂದರೆ ಅಲ್ಲಿನ ಫುಟ್‌ಬಾಲ್ ಲೀಗುಗಳಲ್ಲಿ ವರ್ಷಕ್ಕೆ ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಬಹುಮಾನ, ಗೆದ್ದವರ ಪಟ್ಟಿ ಬಂದಿತ್ತು. 1968ರ ಯುಸೇಬಿಯೊನಿಂದ ಶುರು. ಕಾಫಿ ಆರಿ ಹೋಗುವವರೆಗೂ ಓದಿದೆ. 1987ರ ಸಾಲಿನಲ್ಲಿ, ರೊಮೇನಿಯಾದ ಸ್ಟ್ರೈಕರ್ ಒಬ್ಬನ ಬಗ್ಗೆ, "ರೋಡಿಯಾನ್ ಕಮತಾರು, ದಿನಾಮೊ ಬುಕಾರೆಸ್ಟ್, 44 ಗೋಲು" ಅಂತ ಇತ್ತು. ಅಷ್ಟೇ. ಪಕ್ಕದಲ್ಲಿ ಒಂದು ನಕ್ಷತ್ರ ಇಲ್ಲ, ಕೆಳಗೆ ಒಂದು ಸಾಲಿನ ವಿವರಣೆ ಇಲ್ಲ. ಆ 44ರಲ್ಲಿ ಹಲವು ಎದುರಾಳಿಗಳು ಬಿಟ್ಟುಕೊಟ್ಟ ಗೋಲು ಅನ್ನುವ ಅನುಮಾನ ಹಿಡಿದು, ಎರಡು ದಿನ ಬಿಟ್ಟು ಓದುಗರೊಬ್ಬರು ಇದೇ ಅಂಕಣದಲ್ಲಿ "ಆತ ಮಹಾ ಮೋಸಗಾರ, ಹೆಸರನ್ನೇ ಕಿತ್ತುಹಾಕಿ" ಅಂತ ಬರೆದರು. ನೀವು ಬರೆದದ್ದೂ ಅರ್ಧ, ಅವರು ಬರೆದದ್ದೂ ಅರ್ಧ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕಲೇಬೇಕು ಅಂದರೆ ಕೊನೆಯಲ್ಲಿರುವ ನನ್ನ ಕಥೆಗೆ ಹಾಕಿ, ಕಮತಾರು ಕಥೆಗೆ ಬೇಡ.

ಮೊದಲು ಹೆಸರು. ಕಮತಾರು ಅಂದ ಕೂಡಲೇ ನಮಗೆ ಹೊಲ, ಎತ್ತು, ಕಮತ ನೆನಪಾಗುತ್ತದೆ ಅಲ್ವಾ? ರೊಮೇನಿಯಾದವರ ಮಾತಿನಲ್ಲಿ ಕಮತಾರ್ ಎಂದರೆ ಬಡ್ಡಿಗೆ ಸಾಲ ಕೊಡುವವನು! ಹುಟ್ಟಿದ್ದು 1958ರಲ್ಲಿ, ದೇಶದ ನೈರುತ್ಯ ಭಾಗದ ಸ್ಟ್ರೆಹಾಯ ಅನ್ನುವ ಸಣ್ಣ ಊರಲ್ಲಿ. ಆ ಸೀಮೆಗೆ ದೊಡ್ಡ ಪಟ್ಟಣ ಅಂದರೆ ಕ್ರಯೋವಾ. ಅಲ್ಲಿನ ವಿಶ್ವವಿದ್ಯಾಲಯದ ಹೆಸರು ಹೊತ್ತ ಕ್ಲಬ್ಬಿಗೆ ಹುಡುಗನಾಗಿದ್ದಾಗಲೇ ಸೇರಿದ. ಎತ್ತರದ ಆಳು, ಗಟ್ಟಿ ಮೈ, ತಲೆಯಲ್ಲಿ ಚೆಂಡು ಹೊಡೆಯುವುದರಲ್ಲಿ ಪಳಗಿದವನು. 1986ರವರೆಗೆ ಅಲ್ಲೇ ಆಡಿದ. ಅಂದರೆ ಚಿನ್ನದ ಬೂಟು ಬರುವ ಹೊತ್ತಿಗೆ ಆತನಿಗೆ 29 ವರ್ಷ, ಆಟದ ಒಳ್ಳೆಯ ಭಾಗ ಆಗಲೇ ಮುಗಿದಿತ್ತು. ಪಟ್ಟಿ ಓದಿದವರಿಗೆ ಇದು ಗೊತ್ತಾಗುವುದೇ ಇಲ್ಲ.

ಕ್ರಯೋವಾ ತಂಡ 1980 ಮತ್ತು 1981ರಲ್ಲಿ ಸತತವಾಗಿ ಲೀಗ್ ಗೆದ್ದಿತು. ರಾಜಧಾನಿಯ ದೊಡ್ಡ ಕ್ಲಬ್ಬುಗಳ ಮೂಗಿನ ಕೆಳಗೆ ಗೆದ್ದಿತು ಅನ್ನೋದು ಮುಖ್ಯ. ಅಲ್ಲಿ ಸ್ಟೆಯಾವಾ ಅಂದರೆ ಸೇನೆಯ ತಂಡ. ದಿನಾಮೊ ಅಂದರೆ ಗೃಹ ಖಾತೆಯ ತಂಡ, ಪೊಲೀಸರದ್ದು ಮತ್ತು ಎಲ್ಲರೂ ಹೆದರುತ್ತಿದ್ದ ಗುಪ್ತ ಪೊಲೀಸ್ ಸೆಕುರಿತಾತೆಯದ್ದು. ಇವೆರಡರ ಎದುರು ಒಂದು ವಿಶ್ವವಿದ್ಯಾಲಯದ ತಂಡ! ಅಲ್ಲಿನ ಜನ ಅದನ್ನು "ಒಂದು ದೊಡ್ಡ ಪ್ರೀತಿಯ ಚಾಂಪಿಯನ್" ಅಂತ ಕರೆಯುತ್ತಿದ್ದರು, ಇವತ್ತಿಗೂ ಕರೆಯುತ್ತಾರೆ.

ಆಮೇಲೆ 1982-83ರ ಯುಇಎಫ್‌ಎ ಕಪ್, ಯುರೋಪಿನ ಕ್ಲಬ್ಬುಗಳ ಟೂರ್ನಿ. ಇಟಲಿಯ ಫಿಯೊರೆಂಟಿನಾವನ್ನು ಸೋಲಿಸಿ ಮನೆಗೆ ಕಳಿಸಿದರು, ಫ್ರಾನ್ಸಿನ ಬೋರ್ಡೊ ತಂಡವನ್ನು ಕಳಿಸಿದರು. ಕ್ವಾರ್ಟರ್ ಫೈನಲ್ಲಿನಲ್ಲಿ ಜರ್ಮನಿಯ ಕೈಸರ್ಸ್‌ಲಾಟರ್ನ್ ಮೇಲೆ ಅಲ್ಲಿ 2-3 ಸೋತು, ಕ್ರಯೋವಾದಲ್ಲಿ 1-0 ಗೆದ್ದರು. ಒಟ್ಟು ಗೋಲು ಸಮ, ಆದರೆ ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ ಜಾಸ್ತಿ ಬೆಲೆ ಅನ್ನುವ ಹಳೆಯ ನಿಯಮ ಇತ್ತಲ್ಲ, ಅದರಿಂದ ಮುಂದಕ್ಕೆ ಹೋದರು. ಸೆಮಿಫೈನಲ್ ಪೋರ್ಚುಗಲ್ಲಿನ ಬೆನ್‌ಫಿಕಾ ಜೊತೆ. ಲಿಸ್ಬನ್‌ನಲ್ಲಿ 0-0. ಕ್ರಯೋವಾದಲ್ಲಿ ಇಲೀ ಬಲಾಚ್ ಮೊದಲಿಗೆ ಗೋಲು ಹೊಡೆದ, ಊರಿಗೆ ಊರೇ ಫೈನಲ್ ಕನಸು ಕಂಡಿರಬೇಕು. ಎರಡನೇ ಅರ್ಧದಲ್ಲಿ ಬೆನ್‌ಫಿಕಾ ಒಂದು ವಾಪಸ್ ಹೊಡೆಯಿತು. 1-1. ಯಾವ ನಿಯಮ ಹಿಂದಿನ ಸುತ್ತಿನಲ್ಲಿ ಎತ್ತಿ ಆಡಿಸಿತ್ತೋ ಅದೇ ನಿಯಮ ಈ ಸಲ ಮನೆಗೆ ಕಳಿಸಿತು. ಕಮತಾರು ಆಗ ಆ ತಂಡದ ಸ್ಟ್ರೈಕರ್. ಈ ಓಟದ ಬಗ್ಗೆ ಕನ್ನಡದಲ್ಲಿ ಒಂದು ಸಾಲು ಬಂದದ್ದನ್ನು ನಾನು ನೋಡಿಲ್ಲ. ಮರುವರ್ಷ 1984ರ ಯುರೋ ಕಪ್ಪಿಗೆ ರೊಮೇನಿಯಾ ಹೋಯಿತು. ಆ ಅರ್ಹತಾ ಗುಂಪಿನಲ್ಲಿ ಹಿಂದೆ ಬಿದ್ದದ್ದು ಯಾರು ಗೊತ್ತಾ? 1982ರ ವಿಶ್ವಕಪ್ ಗೆದ್ದಿದ್ದ ಇಟಲಿ.

ಈಗ ದಿನಾಮೊ ವಿಷಯ. 1986ರಲ್ಲಿ ಕಮತಾರು ಕ್ರಯೋವಾ ಬಿಟ್ಟು ಅಲ್ಲಿಗೆ ಹೋದ. ಹೋದನೋ, ಕರೆಸಿಕೊಂಡರೋ? ಆ ಕಾಲದಲ್ಲಿ ಜಿಲ್ಲೆಗಳಲ್ಲಿ ಒಳ್ಳೆಯ ಆಟಗಾರ ಎದ್ದರೆ ಸೇನೆಯೋ ಗೃಹ ಖಾತೆಯೋ ಎತ್ತಿಕೊಂಡು ಹೋಗುವುದು ಮಾಮೂಲಿ. ಕಾಗದದ ಮೇಲೆ ಎಲ್ಲರೂ ಹವ್ಯಾಸಿ ಆಟಗಾರರು, ಖಾತೆಯ ನೌಕರರು. ದೇಶ ಬಿಟ್ಟು ಹೊರಗಿನ ಕ್ಲಬ್ಬಿಗೆ ಹೋಗುವ ಹಾಗಿಲ್ಲ. ಸ್ಟೆಯಾವಾದ ಮಾರ್ಸೆಲ್ ರದುಕಾನು 1981ರಲ್ಲಿ ಪಶ್ಚಿಮ ಜರ್ಮನಿಗೆ ಆಡಲು ಹೋದವನು ವಾಪಸ್ ಬರಲೇ ಇಲ್ಲ. ಡಿಫೆಂಡರ್ ಬೆಲೊದೆದಿಚ್ 1988ರಲ್ಲಿ ಯುಗೊಸ್ಲಾವಿಯಾಕ್ಕೆ ಓಡಿಹೋದ, ಇಲ್ಲದವನ ಮೇಲೆಯೇ ವಿಚಾರಣೆ ನಡೆಸಿ 10 ವರ್ಷ ಜೈಲು ಅಂದರು. ಅಂಥ ಕಡೆ ಗೃಹ ಖಾತೆ ಕರೆದಾಗ "ಇಲ್ಲ ಸ್ವಾಮಿ, ನನಗೆ ಕ್ರಯೋವಾನೇ ಇಷ್ಟ" ಅನ್ನುವ ಗಂಡು ಯಾರು?

1986ರ ಮೇ 7ರಂದು ಸೆವಿಯಾದಲ್ಲಿ ಸ್ಟೆಯಾವಾ ಬಾರ್ಸಿಲೋನಾವನ್ನು ಸೋಲಿಸಿ ಯುರೋಪಿಯನ್ ಕಪ್ ಗೆದ್ದಿತ್ತು. ಕೀಪರ್ ದುಕಾದಾಮ್ ನಾಲ್ಕು ಪೆನಾಲ್ಟಿ ತಡೆದ ಪಂದ್ಯ. ಲೀಗಿನಲ್ಲೂ ಸ್ಟೆಯಾವಾ ಸೋಲುವುದನ್ನೇ ಬಿಟ್ಟಿತ್ತು, 1986ರಿಂದ 1989ರವರೆಗೆ 104 ಪಂದ್ಯ ಸೋತಿಲ್ಲ ನೋಡಿ. ಆ ಕ್ಲಬ್ಬಿನ ಬೆನ್ನಿಗೆ ದೇಶದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕುವಿನ ಮಗ ವ್ಯಾಲೆಂಟಿನ್ ಇದ್ದ. ದಿನಾಮೊಗೆ ಗೆಲ್ಲಲು ಉಳಿದದ್ದೇನು? ಪಕ್ಕದ ಮನೆಯವರು ಕಾರು ತಂದರೆ ನಾವು ಗೇಟಿಗೆ ಬಣ್ಣ ಹೊಡೆಸುತ್ತೇವಲ್ಲ, ಹಾಗೆ. ಚಿನ್ನದ ಬೂಟು ಇತ್ತು. ಇದು ನನ್ನ ಊಹೆ, ಆದರೆ ಲೆಕ್ಕ ನೋಡಿದರೆ ಊಹೆ ಸುಮ್ನೆ ಅಲ್ಲ ಅನಿಸುತ್ತದೆ. ಆಸ್ಟ್ರಿಯಾದ ಟೋನಿ ಪೋಲ್‌ಸ್ಟರ್ 39 ಗೋಲು ಹೊಡೆದು ಮುಂದಿದ್ದ. ಕಮತಾರು ಕೊನೆಯ ಆರು ಪಂದ್ಯಗಳಲ್ಲಿ ಇಪ್ಪತ್ತರ ಹತ್ತಿರ ಗೋಲು ಹೊಡೆದ. ಪಂದ್ಯಕ್ಕೆ ಮೂರು! 34 ಪಂದ್ಯದ ಲೀಗಿನಲ್ಲಿ ಒಳ್ಳೊಳ್ಳೆ ಸ್ಟ್ರೈಕರ್‌ಗಳಿಗೆ ಇಡೀ ವರ್ಷಕ್ಕೆ ಇಪ್ಪತ್ತು ಆದರೆ ಹಬ್ಬ.

ಒಳಗೊಳಗೇ ಒಪ್ಪಂದ ಮಾಡಿಕೊಂಡು ಆಡುವ ಪಂದ್ಯಕ್ಕೆ ಅವರಲ್ಲಿ ಬ್ಲಾತ್ ಅಂತಾರೆ. ಹೊಸದೇನಲ್ಲ. ಚೌಶೆಸ್ಕು ಹುಟ್ಟಿದ ಊರು ಸ್ಕೊರ್ನಿಚೆಷ್ಟಿಯ ತಂಡಕ್ಕೆ 1978ರಲ್ಲಿ ಮೇಲಿನ ದರ್ಜೆಗೆ ಏರಲು ಗೋಲು ವ್ಯತ್ಯಾಸ ಬೇಕಿತ್ತು. ಕೊನೆಯ ಪಂದ್ಯ 18-0 ಗೆದ್ದುಬಿಟ್ಟರು. ಅಂಥ ದೇಶದಲ್ಲಿ ಒಬ್ಬ ಸ್ಟ್ರೈಕರ್‌ಗೆ ನಾಲ್ಕು ಗೋಲು ಜಾಸ್ತಿ ಕೊಡಿಸುವುದು ಯಾವ ಲೆಕ್ಕ?

1989ರ ಡಿಸೆಂಬರ್‌ನಲ್ಲಿ ಸರ್ಕಾರ ಬಿತ್ತು. 1990ರಲ್ಲಿ ಪೋಲ್‌ಸ್ಟರ್‌ಗೂ ಒಂದು ಚಿನ್ನದ ಬೂಟು ಕೊಟ್ಟರು, ಕಮತಾರು ಬಳಿ ಇದ್ದದ್ದನ್ನು ವಾಪಸ್ ಕೇಳಲಿಲ್ಲ. ಅಂದರೆ ಕೊಟ್ಟವರೇ ಅರ್ಧ ಒಪ್ಪಿಕೊಂಡ ಹಾಗೆ. 1989ರಲ್ಲಿ ಮತ್ತೆ ದಿನಾಮೊದವನೇ ಆದ ಮತೆವುತ್ಸ್ 43 ಗೋಲಿನಿಂದ ಗೆದ್ದಿದ್ದ, ಅದೂ ಮಿಡ್‌ಫೀಲ್ಡರ್. 1991ರ ನಂತರ ಸೈಪ್ರಸ್ ಲೀಗಿನ ಗೋಲು ಲೆಕ್ಕದ ಜಗಳ ಬೇರೆ ಸೇರಿ ಬಹುಮಾನವನ್ನೇ ನಿಲ್ಲಿಸಿದರು. 1997ರಲ್ಲಿ ಮತ್ತೆ ಶುರು ಮಾಡಿದಾಗ ದೊಡ್ಡ ಲೀಗಿನ ಗೋಲಿಗೆ ಜಾಸ್ತಿ ಅಂಕ, ಸಣ್ಣ ಲೀಗಿನದಕ್ಕೆ ಕಮ್ಮಿ. ನಿಮ್ಮ ಪಟ್ಟಿಯಲ್ಲಿ ನಡುವೆ ಐದಾರು ವರ್ಷ ಖಾಲಿ ಬಿಟ್ಟಿದ್ದಕ್ಕೆ ಇದೇ ಕಾರಣ, ಅದನ್ನಾದರೂ ಬರೆಯಬಹುದಿತ್ತು.

ಹಾಗಂತ ರೊಮೇನಿಯಾದ ಎಲ್ಲ ಸ್ಟ್ರೈಕರ್‌ಗಳನ್ನು ಒಂದೇ ಗಾಡಿಗೆ ತುಂಬಬೇಡಿ. 1975 ಮತ್ತು 1977ರಲ್ಲಿ ಇದೇ ಬೂಟು ಗೆದ್ದ ದುದು ಜಾರ್ಜೆಸ್ಕು ಅಲ್ಲಿನ ಲೀಗಿನಲ್ಲಿ ಒಟ್ಟು 252 ಗೋಲು ಹೊಡೆದವನು, ಸತತ ನಾಲ್ಕು ವರ್ಷ ಆತನೇ ಮುಂದೆ. ಕಮತಾರು ಲೆಕ್ಕವೂ ಇನ್ನೂರರ ಹತ್ತಿರ ಬರುತ್ತದೆ. ಆ ಇಪ್ಪತ್ತನ್ನು ಕಳೆದುಹಾಕಿ. ಉಳಿದವು ಯಾರದ್ದು?

ಇನ್ನು ನನ್ನ ಕಥೆ. ನಾನು ಬೆಂಗಳೂರಿನ ಒಂದು ಕಾರ್ಖಾನೆ ತಂಡದಲ್ಲಿ ಹನ್ನೆರಡು ವರ್ಷ ಕೀಪರ್ ಆಗಿದ್ದೆ. ಹೆಸರಿಗೆ ಫಿಟ್ಟರ್. ಬೆಳಿಗ್ಗೆ ಮೈದಾನ, ಮಧ್ಯಾಹ್ನದ ಮೇಲೆ ಮಷೀನು. ನಮ್ಮದೂ ಒಂಥರಾ ಹವ್ಯಾಸಿ ಆಟವೇ, ಸಂಬಳದ ಚೀಟಿ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಒಂದು ಸಲ ನಮ್ಮ ನಮ್ಮಲ್ಲೇ ನಡೆಯುವ ಟೂರ್ನಿಯ ಕೊನೆ ಪಂದ್ಯ, ಗೆದ್ದರೂ ಸೋತರೂ ವ್ಯತ್ಯಾಸ ಇಲ್ಲ. ಎದುರು ತಂಡದ ಫಾರ್ವರ್ಡ್ ಮುಂದಿನ ತಿಂಗಳು ರಿಟೈರ್ ಆಗುವವನು. ಜಾಸ್ತಿ ಗೋಲಿನ ಬಹುಮಾನಕ್ಕೆ ಆತನಿಗೆ ಇನ್ನೂ ಮೂರು ಬೇಕು. ಬಹುಮಾನ ಒಂದು ಗೋಡೆ ಗಡಿಯಾರ. ನಮ್ಮ ಕ್ಯಾಪ್ಟನ್ ಬಂದು "ಬಿಟ್ಬಿಡೋ, ಪಾಪ" ಅಂದ. ಬಿಟ್ಟೆ.

ಗೋಲು ಬಿಡುವುದಕ್ಕೂ ಕಸುಬು ಬೇಕು ಸ್ವಾಮಿ. ಮುಂಚೆಯೇ ಬಿದ್ದರೆ ನೋಡುವವರಿಗೆ ಗೊತ್ತಾಗುತ್ತದೆ. ಸರಿಯಾದ ಕಡೆಗೇ ಹಾರಬೇಕು, ಒಂದು ಚಿಟಿಕೆ ಹೊತ್ತು ತಡ ಮಾಡಿ. ಕೈ ಪೂರ್ತಿ ಚಾಚಬೇಕು, ಬೆರಳು ಮಾತ್ರ ಮಡಿಸಿಕೊಳ್ಳಬೇಕು. ಮೊದಲ ಗೋಲಿಗೆ ಆತ ಕೈ ಎತ್ತಿ ಓಡಿದ. ಎರಡನೆಯದಕ್ಕೆ ನಕ್ಕ. ಮೂರನೆಯದು ಆದಾಗ ನಿಂತುಕೊಂಡು ನನ್ನ ಕೈಯನ್ನೇ ನೋಡಿದ. ಎಷ್ಟೋ ವರ್ಷ ನನ್ನ ಎದುರು ಆಡಿದವನು, ನನ್ನ ಬೆರಳು ಎಲ್ಲಿಯವರೆಗೆ ಹೋಗುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತು. ಕೈ ಎತ್ತಲಿಲ್ಲ. ಬಲೆಯಿಂದ ಚೆಂಡು ತೆಗೆದು, ತಾನೇ ಹೊತ್ತುಕೊಂಡು ಹೋಗಿ ನಡುಗೆರೆಯಲ್ಲಿಟ್ಟ. ಸಂಜೆ ಗಡಿಯಾರ ತಗೊಂಡ, ಫೋಟೊಗೆ ನಿಂತ. ಆಮೇಲೆ ಎಷ್ಟು ಸಲ ಸಿಕ್ಕಿದರೂ ಆ ಪಂದ್ಯದ ಮಾತು ಇಬ್ಬರೂ ಎತ್ತಲಿಲ್ಲ.

ಅಂತರ್ಜಾಲದಲ್ಲಿ ಕಮತಾರು ಆಟದ ಹಳೆಯ ತುಣುಕುಗಳು ಸಿಗುತ್ತವೆ. ನಾನು ನೋಡುವುದು ಕೀಪರ್‌ಗಳ ಬೆರಳು. ಮಸುಕು ಚಿತ್ರ, ಏನೂ ಕಾಣುವುದಿಲ್ಲ.

1989ರಲ್ಲಿ, 31ನೇ ವಯಸ್ಸಿಗೆ, ಕಮತಾರುಗೆ ಹೊರದೇಶದಲ್ಲಿ ಆಡುವ ಅವಕಾಶ ಸಿಕ್ಕಿತು. ಬೆಲ್ಜಿಯಂನ ಶಾರ್ಲರ್ವಾ, ಆಮೇಲೆ ಹಾಲೆಂಡಿನ ಹೇರನ್‌ವೇನ್. 1990ರ ಇಟಲಿ ವಿಶ್ವಕಪ್ ತಂಡದಲ್ಲೂ ಇದ್ದ. ಆ ಟೂರ್ನಿಯನ್ನು ನಾವು ದೂರದರ್ಶನದಲ್ಲಿ ನಿದ್ದೆಗೆಟ್ಟು ನೋಡಿದವರು, ಸೋವಿಯತ್ ಮೇಲೆ ಲಕತುಷ್ ಹೊಡೆದ ಎರಡು ಗೋಲು ಈಗಲೂ ನೆನಪಿದೆ. ಆದರೆ ಅದು ಹೊಸ ಹುಡುಗರ ಕಾಲ. ಹಾಜಿ ಅದೇ ವರ್ಷ ರಿಯಲ್ ಮ್ಯಾಡ್ರಿಡ್‌ಗೆ ಹೋದ, ಲಕತುಷ್ ಫಿಯೊರೆಂಟಿನಾಗೆ. 1983ರಲ್ಲಿ ಆ ಬಾಗಿಲು ತೆರೆದಿದ್ದರೆ ಕಮತಾರು ಎಲ್ಲಿ ಆಡುತ್ತಿದ್ದನೋ.

ಆದ್ದರಿಂದ ಮುಂದಿನ ಸಲ ಪಟ್ಟಿ ಹಾಕುವಾಗ 44ರ ಪಕ್ಕ ನಕ್ಷತ್ರ ಹಾಕಿ, ಕೆಳಗೆ ಪೋಲ್‌ಸ್ಟರ್ ಹೆಸರು ಮತ್ತು 39 ಅಂತ ಬರೆಯಿರಿ. ಹೆಸರು ಕೀಳುವುದು ಬೇಡ. ಜಾಗ ಇದ್ದರೆ 1983ರ ಏಪ್ರಿಲ್‌ನ ಆ ಬೆನ್‌ಫಿಕಾ ಪಂದ್ಯದ ಒಂದು ಫೋಟೊ ಹುಡುಕಿ ಹಾಕಿ, ದುಡ್ಡು ಕೊಟ್ಟು ಪೇಪರ್ ತಗೊಳ್ಳುವವನು ನಾನು, ಇಷ್ಟು ಕೇಳಬಹುದು ಅಲ್ವಾ?

ಇಂತಿ,
ಒಬ್ಬ ಹಳೇ ಕೀಪರ್, ಬೆಂಗಳೂರು