ಟ್ರಂಕ್ ಅಂಗಡಿಯಲ್ಲಿ ನೆರವಾದ ನಿವೃತ್ತ ಹವಾಲ್ದಾರರಿಗೆ

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಂದಿಗೆ ಮೊದಲ ಬಾರಿಗೆ ದಕ್ಷಿಣ ಸುಡಾನ್‌ಗೆ ಹೊರಡಲಿರುವ ನನಗೆ, ಕೋಲಾರದ ಟ್ರಂಕ್ ಅಂಗಡಿಯೊಂದರಲ್ಲಿ ಹೆಸರನ್ನೂ ಹೇಳದೆ ನೆರವಾದ ನಿವೃತ್ತ ಹವಾಲ್ದಾರರಿಗೆ ಹೃತ್ಪೂರ್ವಕ ಧನ್ಯವಾದಗಳು. ಅಲ್ಲಿನ ಮಳೆಗಾಲದಲ್ಲಿ ಮಣ್ಣಿನ ರಸ್ತೆಗಳು ಕೆಸರಾಗಿ ಸಂಚಾರವೇ ನಿಂತುಹೋಗುವುದನ್ನು ವಿವರಿಸಿದ ಅವರು, ನನ್ನ ಪಟ್ಟಿಯಿಂದ ದಪ್ಪ ಉಣ್ಣೆಯ ಬಟ್ಟೆಗಳನ್ನು ತೆಗೆಸಿ, ಹತ್ತಿಯ ಕಾಲ್ಚೀಲಗಳನ್ನೂ ಸೊಳ್ಳೆ ನಿವಾರಕ ಮುಲಾಮನ್ನೂ ಹೆಚ್ಚಿಸಿದರು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವು ಚುಚ್ಚುಮದ್ದು ಪಡೆದ 10 ದಿನಗಳ ನಂತರವಷ್ಟೇ ಮಾನ್ಯವಾಗುತ್ತದೆ ಎಂದು ನೆನಪಿಸಿ, ಅದನ್ನು ಟ್ರಂಕಿನಲ್ಲಿಡದೆ ಪಾಸ್‌ಪೋರ್ಟಿನೊಡನೆ ಕೈಚೀಲದಲ್ಲೇ ಇಟ್ಟುಕೊಳ್ಳುವಂತೆ ಹೇಳಿದರು. ಅಮ್ಮ ಕಟ್ಟಿಕೊಟ್ಟಿದ್ದ ರಾಗಿ ಹುರಿಹಿಟ್ಟಿಗೆ ಮಾತ್ರ, ತೂಕದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಅವರೂ ಆಕ್ಷೇಪಿಸಲಿಲ್ಲ! ಬ್ಯಾಂಕ್ ಖಾತೆಯ ನಾಮನಿರ್ದೇಶನವನ್ನು ಹೊರಡುವ ಮುನ್ನವೇ ಸರಿಪಡಿಸುವಂತೆ ಅವರು ಒತ್ತಾಯಿಸಿದ್ದಕ್ಕೆ ನನ್ನ ಪತ್ನಿಯೂ ಕೃತಜ್ಞತೆ ತಿಳಿಸಿದ್ದಾಳೆ.