ಬಿಡ್ತು ಅನ್ನು ಅಂತ ಬೈಬೇಡ ಅಮ್ಮ

ಮೆಲ್ಬರ್ನ್
ಭಾನುವಾರ ರಾತ್ರಿ

ಅಪ್ಪ ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇತ್ತ ಕ್ಷೇಮ. ಇಲ್ಲೀಗ ಚಳಿಗಾಲ, ಐದೂವರೆಗೆಲ್ಲ ಕತ್ತಲೆ. ಕೆಲಸ ಮುಗಿಸಿ ಬಂದರೆ ಮತ್ತೆ ಹೊರಗೆ ಕಾಲಿಡಲು ಮನಸ್ಸಾಗುವುದಿಲ್ಲ. ಹಾಗಾಗಿ ಹಳೇ ಕನ್ನಡ ಸಿನಿಮಾ ಹಾಕಿಕೊಂಡು ಕೂರುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೊರಟರೆ ಅಪ್ಪ ಅರ್ಧಕ್ಕೇ ಬಾಯಿ ಹಾಕುತ್ತಾರೆ. ಅದಕ್ಕೇ ಈ ಪತ್ರ. ಇದರಲ್ಲಾದರೂ ನನ್ನ ಮಾತು ಪೂರ್ತಿಯಾಗಲಿ.

ಅಪ್ಪ, ಮೊದಲು ನಿಮ್ಮ ಸಿನಿಮಾ. ‘ಬಂಗಾರದ ಮನುಷ್ಯ’ 1972ರಲ್ಲಿ ಬಂತು, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು, ಅದನ್ನು ನೋಡಿ ಹುಡುಗರು ಪೇಟೆ ಬಿಟ್ಟು ಹೊಲಕ್ಕೆ ಇಳಿದರು. ಎಲ್ಲಾ ಒಪ್ಪಿದೆ. ರಾಜಕುಮಾರ್ ಬಂಡೆ ಒಡೆಯುವಾಗ ನನಗೂ ಮೈ ಜುಮ್ ಅನ್ನುತ್ತದೆ. ಆದರೆ ಆ ಕೊನೆ? ಅಕ್ಕನ ಮಗ ಏನೋ ಅಂದ ಅಂತ, ತಾನೇ ಬೆವರು ಸುರಿಸಿ ಮಾಡಿದ ಆಸ್ತಿಯನ್ನೆಲ್ಲ ಬಿಟ್ಟು ಸುಮ್ನೆ ಎದ್ದು ಹೋಗುವುದಾ? ನಮ್ಮ ಮಂಡ್ಯ ಕಡೆಯವನಾಗಿದ್ದರೆ ಪಂಚಾಯ್ತಿ ಸೇರಿಸಿ, ಎರಡು ಮಾತು ಆಡಿ, ಆಮೇಲೆ ಹೋಗುತ್ತಿದ್ದ.

ಅದನ್ನು ನಿರ್ದೇಶಿಸಿದ ಸಿದ್ದಲಿಂಗಯ್ಯನವರೇ ಎರಡು ವರ್ಷ ಬಿಟ್ಟು ಗೊರೂರರ ಕಥೆ ಹಿಡಿದು ‘ಭೂತಯ್ಯನ ಮಗ ಅಯ್ಯು’ ಮಾಡಿದರಲ್ಲ, ನನ್ನ ವೋಟು ಅದಕ್ಕೇ. ಅಲ್ಲಿ ಯಾರೂ ಬಂಗಾರವಲ್ಲ. ಎಲ್ಲರಿಗೂ ಹೊಟ್ಟೆಕಿಚ್ಚು, ಎಲ್ಲರಿಗೂ ಜಿದ್ದು. ಎಂ.ಪಿ. ಶಂಕರ್ ಮೈಸೂರಿನ ಗರಡಿ ಮನೆಯಿಂದ ಬಂದವರು. ಭೂತಯ್ಯನಾಗಿ ಅವರು ಸುಮ್ಮನೆ ನಿಂತರೂ ಹೆದರಿಕೆಯಾಗುತ್ತದೆ. ಇನ್ನು ಲೋಕನಾಥ್ ಅವರ ಉಪ್ಪಿನಕಾಯಿ ದೃಶ್ಯ ನೋಡಿ ರಾತ್ರಿ ಹನ್ನೊಂದಕ್ಕೆ ನಾನು ಎದ್ದು, ಅಮ್ಮ ಕಳಿಸಿದ ಮಾವಿನ ಮಿಡಿ ಡಬ್ಬಿ ತೆಗೆದೆ. ಅಷ್ಟು ಚೆನ್ನಾಗಿದೆ.

ಆ ಸಿನಿಮಾದಲ್ಲಿ ಭೂತಯ್ಯ ಸತ್ತಾಗ ಊರವರು ಯಾರೂ ಬರುವುದಿಲ್ಲವಲ್ಲ, ಅಲ್ಲಿಂದ ನನ್ನ ತಲೆಗೊಂದು ಹುಳ ಹೊಕ್ಕಿದೆ. ಅಮ್ಮ, ‘ಬಿಡ್ತು ಅನ್ನು’ ಅಂತ ಬೈಬೇಡ. ನಮ್ಮವರು ಒಳ್ಳೇ ಸಿನಿಮಾ ಮಾಡಬೇಕೆಂದರೆ ಮೊದಲು ಯಾರಾದರೂ ಸಾಯಬೇಕು ಅಂತ ಕಾಣುತ್ತದೆ. ಬೇಕಾದರೆ ಲೆಕ್ಕ ಹಾಕಿ. ‘ಸಂಸ್ಕಾರ’, ‘ಘಟಶ್ರಾದ್ಧ’, ‘ತಿಥಿ’. ಹೆಸರು ಓದಿದರೆ ಪುರೋಹಿತರ ಚೀಟಿ ಇದ್ದಂಗಿದೆ, ಅಲ್ವಾ?

‘ಸಂಸ್ಕಾರ’ದಲ್ಲಿ ಕಟ್ಟುಪಾಡು ಮೀರಿ ಬದುಕಿದ ನಾರಣಪ್ಪ ಸಾಯುತ್ತಾನೆ. ಹೆಣ ಸುಡುವವರು ಯಾರು ಅಂತ ಅಗ್ರಹಾರಕ್ಕೆ ಗೊತ್ತಾಗುವುದಿಲ್ಲ. ಸುಡುವವರೆಗೂ ಯಾರೂ ಊಟ ಮಾಡುವಂತಿಲ್ಲ. ಪ್ರಾಣೇಶಾಚಾರ್ಯರಾಗಿ ಕಾರ್ನಾಡರು ಓಲೆಗರಿ ತಿರುವುತ್ತಾರೆ. ನನಗೆ ಹಿಡಿಸಿದ್ದು ಅವರಲ್ಲ, ನಾರಣಪ್ಪನ ಜೊತೆ ಬಾಳಿದ ಚಂದ್ರಿ. ಅವಳು ಮೈಮೇಲಿನ ಒಡವೆ ಬಿಚ್ಚಿ ಸಂಸ್ಕಾರದ ಖರ್ಚಿಗೆ ಅಂತ ಮುಂದೆ ಇಡುತ್ತಾಳೆ. ಅಲ್ಲಿಯವರೆಗೆ ‘ನನಗೆ ಸಂಬಂಧವಿಲ್ಲ’ ಅನ್ನುತ್ತಿದ್ದವರಿಗೆಲ್ಲ ತಟ್ಟನೆ ನಾರಣಪ್ಪ ನೆಂಟನಾಗಿಬಿಡುತ್ತಾನೆ! ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹೋದವರು. ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರಲ್ಲಿ, ತೀರಿಕೊಂಡರು. ಅದು ಗೊತ್ತಿದ್ದು ಆ ಮುಖ ನೋಡುವುದು ಕಷ್ಟ. ಇನ್ನೊಂದು ವಿಷಯ, ಈ ಸಿನಿಮಾಗೆ ಕ್ಯಾಮೆರಾ ಹಿಡಿದವರು ಇದೇ ಆಸ್ಟ್ರೇಲಿಯಾದ ಟಾಮ್ ಕೋವನ್. ಆಫೀಸಿನಲ್ಲಿ ಹೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಊಟದ ಬಿಡುವು ಪೂರ್ತಿ ನಾನೇ ಪಾಠ ಮಾಡಿದೆ.

‘ಘಟಶ್ರಾದ್ಧ’ ನೋಡಿದ ದಿನ ಮಾತ್ರ ಯಾರ ಜೊತೆಗೂ ಮಾತು ಬೇಡವಾಯಿತು. ಕಾಸರವಳ್ಳಿಯವರ ಮೊದಲ ಸಿನಿಮಾ, 1977ರದ್ದು. ರಿಪೇರಿ ಮಾಡಿದ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರಂತೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ವಿಧವೆ ಯಮುನೆ ಬಸಿರಾದದ್ದು ಅವಳೊಬ್ಬಳ ತಪ್ಪು. ಅದಕ್ಕೆ ಕಾರಣನಾದ ಮೇಷ್ಟ್ರು ನುಣುಚಿಕೊಳ್ಳುತ್ತಾನೆ. ಇದನ್ನೆಲ್ಲ ನೋಡುವುದು ಪಾಠಶಾಲೆಗೆ ಬಂದ ಚಿಕ್ಕ ಹುಡುಗ ನಾಣಿ. ಅವನಿಗೆ ಅರ್ಧ ಗೊತ್ತಾಗುತ್ತದೆ, ಅರ್ಧ ಗೊತ್ತಾಗುವುದಿಲ್ಲ. ನಮಗೆ ಪೂರ್ತಿ ಗೊತ್ತಾಗುವುದೇ ಸಂಕಟ. ಕೊನೆಗೆ ಯಮುನೆಯ ಅಪ್ಪ ಉಡುಪರೇ ಎಳೇ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟ ಸುದ್ದಿ ಬರುತ್ತದೆ. ಯಾರೂ ಕೂಗಾಡುವುದಿಲ್ಲ, ಸುಮ್ನೆ ಹೇಳಿ ಮುಗಿಸುತ್ತಾರೆ. ಅಮ್ಮ, ನೀನು ನೋಡಬೇಡ. ರಾತ್ರಿ ನಿದ್ದೆ ಬರಲ್ಲ ನಿನಗೆ.

ನೀನು ನೋಡಬೇಕಾದ್ದು ‘ತಿಥಿ’. ನಮ್ಮ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅಲ್ಲಿನ ಜನರನ್ನೇ ಹಾಕಿಕೊಂಡು ತೆಗೆದದ್ದು. ನಟರು ಅನ್ನಿಸಿಕೊಂಡವರು ಯಾರೂ ಇಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಹೊಡೆಯಿತು. ಶುರುವಿಗೇ ಸೆಂಚುರಿ ಗೌಡ ದಾರಿಯಲ್ಲಿ ಹೋಗಿ ಬರುವವರನ್ನೆಲ್ಲ ಬೈದುಕೊಂಡು ಕೂತಿರುತ್ತಾನೆ, ಎದ್ದು ಹೋದವನು ಹಾಗೇ ಬಿದ್ದು ಸಾಯುತ್ತಾನೆ. ನೂರಾ ಒಂದು ವರ್ಷ. ಸುದ್ದಿ ತಲುಪಿದರೂ ಮಗ ಗಡ್ಡಪ್ಪನಿಗೆ ಏನೂ ಅನ್ನಿಸುವುದಿಲ್ಲ. ಬೀಡಿ, ಬ್ರಾಂದಿ, ಹೊಲದ ಬದುವಿನ ಮೇಲೆ ನಡಿಗೆ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಮಾರುವ ಅವಸರ. ಅದಕ್ಕಾಗಿ ಬದುಕಿರುವ ಅಪ್ಪನ ಹೆಸರಲ್ಲೇ ಮರಣಪತ್ರ ಮಾಡಿಸುತ್ತಾನೆ! ಖಾತೆ, ಪಹಣಿ, ಸಹಿ, ಲಂಚ. ಅಪ್ಪ, ತಾತನ ಜಮೀನಿಗೆ ನೀವು ತಾಲೂಕು ಆಫೀಸಿಗೆ ಅಲೆದದ್ದೇ ಕಣ್ಣ ಮುಂದೆ ಬಂತು.

ನನ್ನ ಮನೆಯಲ್ಲಿ ಜೊತೆಗಿರುವ ಹುಡುಗಿಯೂ ಕೂತು ನೋಡಿದಳು. ‘ಸತ್ತವರ ಮನೆಯಲ್ಲಿ ಊರಿಗೆಲ್ಲ ಮಟನ್ ಊಟವಾ?’ ಅಂತ ಕೇಳಿದಳು. ಹನ್ನೊಂದನೇ ದಿನದ ಬಾಡೂಟ ಸರಿಯಾಗಿಲ್ಲದಿದ್ದರೆ ಸತ್ತವನಿಗಿಂತ ಬದುಕಿದ್ದವರ ಮರ್ಯಾದೆ ಹೋಗುತ್ತದೆ ಅಂತ ಹೇಳಿದೆ. ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ. ‘ಸಂಸ್ಕಾರ’ದಲ್ಲಿ ಹೆಣ ಎಲ್ಲರ ಕುತ್ತಿಗೆ ಹಿಡಿಯುತ್ತದೆ. ಇಲ್ಲಿ ಹೆಣದ ಸುತ್ತ ಇಸ್ಪೀಟು, ಪ್ರೀತಿ, ಸಾಲ, ಎಲ್ಲಾ ನಡೆಯುತ್ತದೆ. ನನಗೆ ಇದೇ ಜಾಸ್ತಿ ನಿಜ ಅನ್ನಿಸಿತು.

ಕಾದಂಬರಿಕಾರ್ತಿ ತ್ರಿವೇಣಿಯವರ ಕಥೆಗಳಿಂದ ಬಂದ ಎರಡು ಸಿನಿಮಾಗಳ ಬಗ್ಗೆ ಎರಡೇ ಮಾತು. ಅಮ್ಮನ ‘ಶರಪಂಜರ’ ಮತ್ತೆ ನೋಡಿದೆ. ಕಲ್ಪನಾ ನಟನೆ ನನಗೆ ಸ್ವಲ್ಪ ಜೋರಾಯಿತು. 1967ರ ‘ಬೆಳ್ಳಿ ಮೋಡ’ದಲ್ಲಿ ಅದೇ ಕಲ್ಪನಾ ಎಷ್ಟು ಹಿಡಿದು ನಟಿಸಿದ್ದಾರೆ! ನಮ್ಮ ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿ 1963ಕ್ಕೇ ಹೋಗಿಬಿಟ್ಟರು, ಎರಡನ್ನೂ ನೋಡಲಿಲ್ಲ. ಮೈಸೂರಿನ ಚಾಮರಾಜಪುರಂನ ಅವರ ಮನೆ ಈಗ ಮ್ಯೂಸಿಯಂ ಆಗಿದೆ. ಅಮ್ಮ, ಮುಂದಿನ ಸಲ ಚಿಕ್ಕಮ್ಮನ ಮನೆಗೆ ಹೋದಾಗ ನೋಡಿಕೊಂಡು ಬಾ.

ಅಪ್ಪ, ‘ತಿಥಿ’ ಹಾಕಿದಾಗ ಹಾಡಿಲ್ಲ, ಹೀರೋ ಇಲ್ಲ ಅಂತ ಎದ್ದು ಹೋಗಬೇಡಿ. ಗಡ್ಡಪ್ಪ ಕುರಿಗಾಹಿಗಳ ಜೊತೆ ಬೆಂಕಿ ಮುಂದೆ ಕೂತು ತನ್ನ ಕಥೆ ಹೇಳುತ್ತಾನೆ, ಅಲ್ಲಿಯವರೆಗಾದರೂ ಇರಿ. ಆಮೇಲೆ ಬೈಯುವುದಿದ್ದರೆ ಬೈಯಿರಿ, ಆದರೆ ಕಾಗದದಲ್ಲಿ.

ಇಂತಿ,
ನಿಮ್ಮ ಮಗಳು